ಸುಮ್ಮನಿರುವ ಮರ

ಹಲಸಿನ ಹಣ್ಣನ್ನು ತಟ್ಟಿ ನೋಡುವಂತೆ ಸ್ಪೀಕರ್ ಬಾಕ್ಸನ್ನೂ ಬೆರಳ ಗೆಣ್ಣಿನಿಂದ ತಟ್ಟಿ ನೋಡುವವರಿದ್ದಾರೆ. ‘ಠಣ್’ ಅಂದರೆ ಬೇಡ, ‘ದಬ್’ ಅಂದರೆ ಅಡ್ಡಿಯಿಲ್ಲ. ವೀಣೆ ಮಾಡುವವರು ಹಲಸಿನಲ್ಲಿ, ಬೀಟೆಯಲ್ಲಿ ಹುಡುಕುವುದು ತಂತಿಯ ಜೊತೆ ದನಿಗೂಡುವ ಗುಣವನ್ನು. ಸ್ಪೀಕರ್ ಕಟ್ಟುವವನಿಗೆ ಅದೇ ಗುಣ ಕಾಟ.

ಇದು ಮೊದಲಿಗೇ ಹೊಳೆದದ್ದಲ್ಲ. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ರೈಸ್ ಮತ್ತು ಕೆಲಾಗ್ ಇವತ್ತಿನ ಬಗೆಯ ಕೋನ್ ಸ್ಪೀಕರನ್ನು 1925ರಲ್ಲಿ ಲೋಕದ ಮುಂದಿಟ್ಟರು. ಕೋನಿನ ಬೆನ್ನಿನಿಂದ ಹೊರಟ ಅಲೆ ಮುಂದಿನ ಅಲೆಯನ್ನು ನುಂಗದಂತೆ ತಡೆದರೆ ಹಲಗೆಯ ಕೆಲಸ ಮುಗಿಯಿತು ಎಂಬುದು ಆಗಿನ ಲೆಕ್ಕ. ಅಜ್ಜನ ಕಾಲದ ವಾಲ್ವ್ ರೇಡಿಯೊ ನೆನಪಿಸಿಕೊಳ್ಳಿ: ಮುಂದೆ ಮಿರುಗುವ ಪಾಲಿಶ್, ಹಿಂದೆ ತೂತು ತೂತಾದ ರಟ್ಟು. ಮರ ಅಲ್ಲಿ ಪೀಠೋಪಕರಣವಷ್ಟೇ.

ಬಾಕ್ಸನ್ನು ಪೂರ್ತಿ ಮುಚ್ಚಿದ ಮೇಲೆ ಹಲಗೆಯ ಮೇಲೆ ಕಣ್ಣು ಬಿತ್ತು. 1954ರಲ್ಲಿ ಎಡ್ಗರ್ ವಿಲ್ಚರ್ ರೂಪಿಸಿದ ಎಆರ್–1 ಸ್ಪೀಕರ್, ಮುಚ್ಚಿದ ಪೆಟ್ಟಿಗೆಯ ಗಾಳಿಯನ್ನೇ ಸ್ಪ್ರಿಂಗಿನಂತೆ ಬಳಸಿ ಪುಟ್ಟ ಗಾತ್ರದಲ್ಲೇ ಆಳದ ಬೇಸ್ ಕೊಟ್ಟಿತು. ಆದರೆ ಒಳಗಿನ ಒತ್ತಡ ಕೋನನ್ನು ನೂಕುವಂತೆ ಗೋಡೆಗಳನ್ನೂ ನೂಕುತ್ತದೆ. ಗೋಡೆ ಅದುರಿದರೆ ಅದೂ ಹಾಡಲು ಶುರುಮಾಡುತ್ತದೆ, ತನ್ನದೇ ಶ್ರುತಿಯಲ್ಲಿ. ಇಂಗ್ಲೆಂಡಿನ ವಾರ್ಫ್‌ಡೇಲ್ ಕಂಪನಿಯ ಗಿಲ್ಬರ್ಟ್ ಬ್ರಿಗ್ಸ್ ಇದಕ್ಕೆ ಮಾಡಿದ ಮದ್ದು ಎರಡು ಪ್ಲೈವುಡ್ ಹಾಳೆಗಳ ನಡುವೆ ಮರಳು ತುಂಬುವುದು. ಕೋಣೆಯ ಮೂಲೆಯಲ್ಲಿ ಇಟ್ಟಿಗೆ ಕಟ್ಟಿ ಸ್ಪೀಕರ್ ಕೂರಿಸಿದ್ದೂ ಉಂಟು. ಮನೆ ಬದಲಿಸುವವರ ಪಾಡು ಏನಾಯಿತೋ!

ಎಲ್ಲರೂ ಮರಳು ಹೊರುವುದಿಲ್ಲವಲ್ಲ. ಮರದ ಚೂರನ್ನು ಅಂಟಿನೊಂದಿಗೆ ಒತ್ತಿದ ಪಾರ್ಟಿಕಲ್ ಬೋರ್ಡ್ ಬಂತು, ಆಮೇಲೆ ಮರದ ನಾರನ್ನು ಹಾಗೆಯೇ ಒತ್ತಿದ ಎಂಡಿಎಫ್. ಎಳೆಯಿಲ್ಲ, ಗಂಟಿಲ್ಲ, ಎತ್ತ ಕೊಯ್ದರೂ ಒಂದೇ ಸಮ, ಬೆಲೆಯೂ ಕಡಿಮೆ. ಕಾರ್ಖಾನೆಗಳಿಗೆ ಇನ್ನೇನು ಬೇಕು? ಹಲಗೆಯ ದಪ್ಪ ಇಮ್ಮಡಿಯಾದರೆ ಬಿಗಿತ ಎಂಟು ಪಟ್ಟಾಗುತ್ತದೆ ಎಂಬ ಲೆಕ್ಕ ಹಿಡಿದು 18 ಮಿ.ಮೀ., 25 ಮಿ.ಮೀ. ಎಂದು ಪೆಟ್ಟಿಗೆಗಳು ದಪ್ಪಗಾಗುತ್ತ ಹೋದವು.

ಬಿಬಿಸಿಯ ಸಂಶೋಧನಾ ವಿಭಾಗ ಮಾತ್ರ ಎದುರು ದಾರಿ ಹಿಡಿಯಿತು. ಈ ಚರಿತ್ರೆಯಲ್ಲಿ ನನಗೆ ಅತಿ ಜಾಣತನದ್ದು ಎನಿಸುವ ಘಟ್ಟ ಇದೇ. ದಪ್ಪ ಹಲಗೆ ಅದುರುವುದನ್ನು ಬಿಡುವುದಿಲ್ಲ. ಅದರ ಅದುರು ಇನ್ನೂ ಮೇಲಿನ ಸ್ವರಕ್ಕೆ, ಅಂದರೆ ಕಿವಿ ಚುರುಕಾಗಿರುವ ಕಡೆಗೆ ಸರಿಯುತ್ತದೆ, ಅಷ್ಟೆ. ಹಲಗೆ ತೆಳ್ಳಗಿದ್ದು ಒಳಮೈಗೆ ಡಾಂಬರಿನಂಥ ಬಿಟುಮೆನ್ ಪದರ ಅಂಟಿಸಿದರೆ ಅದುರು ಕೆಳಕ್ಕಿಳಿಯುತ್ತದೆ, ಬೇಗ ಸಾಯುತ್ತದೆ. 1970ರ ದಶಕದ ಎಲ್‌ಎಸ್3/5ಎ ಎಂಬ ಪುಟ್ಟ ಮಾನಿಟರ್ ಸ್ಪೀಕರಿನ ಗೋಡೆ ಬರೀ 12 ಮಿ.ಮೀ. ಬರ್ಚ್ ಪ್ಲೈವುಡ್. ಅದರ ಮೂಲೆಗಳಲ್ಲಿ ಹಲಗೆಗಳನ್ನು ಹಿಡಿದಿಡುವ ರೀಪರಿಗೆ ಬೀಚ್ ಮರ. ಅಲ್ಲಿ ಪರಾನಾ ಪೈನ್ ಬಳಸಿದರೆ ಧ್ವನಿ ಕೆಟ್ಟದ್ದು ಕಿವಿಗೇ ಗೊತ್ತಾಗುತ್ತಿತ್ತು. ಹೊರಗೆ ಕಾಣದ ನಾಲ್ಕು ರೀಪರು ಅಷ್ಟು ಮಾಡುತ್ತದೆ.

ನಮ್ಮೂರ ಜಾತ್ರೆಯ ಸೌಂಡ್ ಸರ್ವೀಸಿನವರಿಗೆ ಪ್ಲೈವುಡ್ಡೇ ಗತಿ. ಎಂಡಿಎಫ್ ಭಾರ, ಲಾರಿಯಿಂದ ಇಳಿಸುವಾಗ ಮೂಲೆ ಜಜ್ಜಿಹೋಗುತ್ತದೆ, ಅಂಚಿಗೆ ಹೊಡೆದ ಸ್ಕ್ರೂ ನಿಲ್ಲುವುದಿಲ್ಲ. ಮಲೆನಾಡಿನಲ್ಲಂತೂ ಮಳೆಗಾಲವೇ ಪರೀಕ್ಷೆ: ನಾನೇ ಕಟ್ಟಿದ ಎಂಡಿಎಫ್ ಜೋಡಿಯೊಂದರ ತಳ ನೆಲದ ತೇವ ಹೀರಿ ಎರಡನೇ ಶ್ರಾವಣಕ್ಕೆ ನೆನೆದ ಅವಲಕ್ಕಿಯಂತೆ ಉಬ್ಬಿತು. ಹಾಗೆಂದು ಅಗ್ಗದ ಕಮರ್ಷಿಯಲ್ ಪ್ಲೈ ತಂದರೂ ಕಷ್ಟ. ಒಳಪದರಗಳ ನಡುವೆ ಖಾಲಿ ಉಳಿದ ಜಾಗ ಬೇಸಿನ ಹೊತ್ತಿಗೆ ಜೀರುಂಡೆಯಂತೆ ಗುಂಯ್ಗುಡುತ್ತದೆ. ಕೊಯ್ದ ಅಂಚನ್ನು ನೋಡಿಯೇ ಕೊಳ್ಳಬೇಕು. ಐಎಸ್ 710 ಗುರುತಿನ ಮರೈನ್ ಪ್ಲೈ ದುಬಾರಿ, ಆದರೆ ನೀರಿಗೆ ಜಗ್ಗುವುದಿಲ್ಲ.

ಆದರೂ ಅಪ್ಪಟ ತೇಗದಲ್ಲೇ ಮಾಡಿಕೊಡಿ ಎನ್ನುವವರು ಇದ್ದೇ ಇದ್ದಾರೆ. ಅಡಿ ಅಗಲದ ಗಟ್ಟಿ ಹಲಗೆ ಬೇಸಿಗೆಗೂ ಮಳೆಗಾಲಕ್ಕೂ ನಡುವೆ ಒಂದೆರಡು ಮಿಲಿಮೀಟರ್ ಹಿಗ್ಗಿ ಕುಗ್ಗಬಲ್ಲದು. ಕೂಡುಗೆ ಬಿರುಕು ಬಿಟ್ಟರೆ ಗಾಳಿ ಸೋರುತ್ತದೆ. ಅಂಥವರಿಗೆ ಪ್ಲೈ ಮೇಲೆ ತೇಗದ ವಿನೀರ್, ಅಂದರೆ ತೆಳು ಮರದ ಹಾಳೆ, ಅಂಟಿಸಿ ಕೊಡುವುದು ವಾಡಿಕೆ. ಹೊರಮೈಗೆ ಮಾತ್ರ ಅಂಟಿಸಿದರೆ ಹಲಗೆ ಒಂದು ಬದಿಗೆ ಬಾಗುತ್ತದೆ, ಹಾಗಾಗಿ ಒಳಮೈಗೂ ಒಂದು ಪದರ ಬೇಕು. ಅದು ಯಾರಿಗೂ ಕಾಣುವುದಿಲ್ಲ, ಅಗ್ಗದ ವಿನೀರ್ ಸಾಕು.