ಮೂರು ಬೆರಳಿನ ಅಳತೆ

ಸೇಡಂ, ಚಿತ್ತಾಪುರದ ಕಡೆ ಬಾಯಿ ಬಿಗಿಯುವ ರೋಗ ಮೊದಲು ಸಿಕ್ಕಿಬೀಳುವುದು ಊಟದ ತಾಟಿನಲ್ಲಿ. ಹುಟ್ಟಿದಾಗಿನಿಂದ ಜೋಳದ ರೊಟ್ಟಿಗೆ ಶೇಂಗಾ ಹಿಂಡಿ, ಕೆಂಪು ಖಾರ ಹಚ್ಚಿಕೊಂಡು ಉಂಡವನು ಒಂದು ದಿನ "ಖಾರ ತಿಂದ್ರ ಬಾಯಿ ಭಾಳ ಉರೀತದ" ಎಂದು ತಾಟು ಸರಿಸುತ್ತಾನೆ. ಆಮೇಲೆ ಕೆನ್ನೆಯ ಒಳಗೋಡೆ ಬಿಳಿಚಿಕೊಳ್ಳುತ್ತದೆ. ಬೆರಳಿಟ್ಟರೆ ಹುರಿಹಗ್ಗದಂಥ ಪಟ್ಟಿಗಳು ತಾಗುತ್ತವೆ. ಕೊನೆಗೆ ರೊಟ್ಟಿಯ ತುತ್ತೇ ಒಳಗೆ ಹೋಗದಷ್ಟು ಬಾಯಿ ಕಿರಿದಾಗುತ್ತದೆ. ದಂತವೈದ್ಯರಿಗೆ ಇದನ್ನು ಅಳೆಯಲು ಸುಲಭದ ಉಪಾಯವೊಂದಿದೆ: ಮೂರು ಬೆರಳುಗಳನ್ನು ಒಂದರ ಮೇಲೊಂದು ಜೋಡಿಸಿ ಮುಂದಿನ ಹಲ್ಲುಗಳ ನಡುವೆ ತೂರಿಸುವುದು. ಮೂರೂ ಹೋದರೆ ಸರಿ, ಎರಡೇ ಹೋದರೆ ವಿಚಾರಿಸಬೇಕು.

ರೋಗದ ಹೆಸರು ಓರಲ್ ಸಬ್‌ಮ್ಯೂಕಸ್ ಫೈಬ್ರೋಸಿಸ್. ಬಾಯಿಯ ಒಳಪೊರೆಯ ಕೆಳಗಿನ ಮೆತ್ತನೆಯ ಅಂಗಾಂಶ ನಾರುಗಟ್ಟಿ ಬಿಗಿಯುವುದು. ಶ್ವಾಸಕೋಶ, ಯಕೃತ್ತು, ಮೂತ್ರಪಿಂಡಗಳಲ್ಲೂ ಇಂಥದೇ ನಾರು ಬೆಳೆಯುತ್ತದೆ. ಆದರೆ ಅವು ಒಳಗಿನ ಅಂಗಗಳು, ಬಾಯಿಯನ್ನು ಮಾತ್ರ ಬ್ಯಾಟರಿ ಬಿಟ್ಟು ನೋಡಬಹುದು. ನಾರುಗಟ್ಟುವಿಕೆಯ ಅಣುಮಟ್ಟದ ಕಾರಣ ಹುಡುಕಿದವರಿಗೆ ಈ ಬಾಯಿ ಒಳ್ಳೆಯ ಕಿಟಕಿಯಾಯಿತು. ಕೀನ್ಯಾ, ಮುಂಬೈ, ಕೋಪನ್‌ಹೇಗನ್, ಲಂಡನ್, ಶ್ರೀಲಂಕಾ, ಬೆಂಗಳೂರು, ಹೀಗೆ ಹಲವು ಕಡೆಯವರು ಸರದಿಯಂತೆ ಅದರಲ್ಲಿ ಇಣುಕಿದ್ದಾರೆ.

1952ರಲ್ಲಿ ಷ್ವಾರ್ಟ್ಜ್ ಎಂಬ ವೈದ್ಯ ಕೀನ್ಯಾದಲ್ಲಿ ನೆಲೆಸಿದ್ದ ಐವರು ಭಾರತೀಯ ಹೆಂಗಸರ ಬಾಯಿ ಬಿಗಿದದ್ದನ್ನು ವರದಿ ಮಾಡಿದ. ಮರುವರ್ಷ ಎಸ್. ಜಿ. ಜೋಶಿ ಅದನ್ನು ನಮ್ಮ ನೆಲದಲ್ಲೇ ಗುರುತಿಸಿ ಸಬ್‌ಮ್ಯೂಕಸ್ ಫೈಬ್ರೋಸಿಸ್ ಎಂದು ಕರೆದರು. ಕಾರಣ ಯಾರಿಗೂ ಗೊತ್ತಿರಲಿಲ್ಲ. ನಮ್ಮವರ ಮೆಣಸಿನಕಾಯಿಯ ಮೇಲೂ ಬಹುಕಾಲ ಅನುಮಾನವಿತ್ತು.

1960ರ ದಶಕದಲ್ಲಿ ಕೋಪನ್‌ಹೇಗನ್ನಿನ ಯೆನ್ಸ್ ಪಿಂಡ್‌ಬೋರ್ಗ್ ಭಾರತದ ವೈದ್ಯರೊಂದಿಗೆ ಸೇರಿ ಊರೂರಿನ ಬಾಯಿ ತಪಾಸಣೆಗೆ ಇಳಿದರು. ಬೆಂಗಳೂರಿನಲ್ಲೇ 10,000 ಜನರ ಬಾಯಿ ನೋಡಿದರು. 1966ರಲ್ಲಿ ಪಿಂಡ್‌ಬೋರ್ಗ್ ಮತ್ತು ಮುಂಬೈನ ಸಿರ್ಸಾಟ್ ಈ ರೋಗಕ್ಕೆ ಕೊಟ್ಟ ವ್ಯಾಖ್ಯೆಯನ್ನು ಪಠ್ಯಪುಸ್ತಕಗಳು ಇಂದಿಗೂ ಉದ್ಧರಿಸುತ್ತವೆ. ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ತಂಡ ಕೇರಳದ ಎರ್ನಾಕುಲಂನಲ್ಲಿ 66 ರೋಗಿಗಳನ್ನು 17 ವರ್ಷ ಬಿಡದೆ ಹಿಂಬಾಲಿಸಿತು. ಅವರಲ್ಲಿ ಶೇ. 7.6ರಷ್ಟು ಜನರಿಗೆ ಬಾಯಿ ಕ್ಯಾನ್ಸರ್ ಬಂದಿದ್ದು 1985ರಲ್ಲಿ ಪ್ರಕಟವಾಯಿತು. ಬಿಗಿದ ಬಾಯಿ ಬರೀ ಊಟದ ತೊಂದರೆಯಲ್ಲ ಎಂಬುದು ಆಗ ಖಾತ್ರಿಯಾಯಿತು.

ಅಷ್ಟರಲ್ಲಿ ಪ್ರಯೋಗಾಲಯ ಅಡಿಕೆಯ ಮೇಲೆ ಕಣ್ಣಿಟ್ಟಿತ್ತು. 1981ರಲ್ಲಿ ಬ್ರಿಟನ್ನಿನ ಕ್ಯಾನಿಫ್ ಮತ್ತು ಹಾರ್ವಿ, ಅಡಿಕೆಯ ಸಾರ ತಾಗಿಸಿದ ಫೈಬ್ರೊಬ್ಲಾಸ್ಟ್ ಕೋಶಗಳು ಹೆಚ್ಚು ಕೊಲಾಜೆನ್ ಹೆಣೆಯುವುದನ್ನು ತೋರಿಸಿದರು. ಕೊಲಾಜೆನ್ ಎಂದರೆ ದೇಹದ ನಾರಿನ ಪ್ರೋಟೀನು. 1987ರಲ್ಲಿ ಅದೇ ಬಳಗ ಇನ್ನೊಂದು ಮುಖ ಬಯಲು ಮಾಡಿತು. ಮಲೆನಾಡಿನಲ್ಲಿ ಅಡಿಕೆ ಬೇಯಿಸಿದಾಗ ಬರುವ ಚೊಗರನ್ನು ನೆನೆಯಿರಿ. ಆ ಒಗರಿನ ಟ್ಯಾನಿನ್ ಬಳಗದ ವಸ್ತುಗಳು ಕೊಲಾಜೆನ್ ಎಳೆಗಳಿಗೆ ಅಂಟಿ, ಅವು ಕರಗದಂತೆ ತಡೆಯುತ್ತವೆ. ಹಸಿ ತೊಗಲು ಹದವಾಗಿ ಚರ್ಮವಾಗುವುದೂ ಇದೇ ರಸಾಯನದಿಂದ. ಕೆನ್ನೆಯೊಳಗೆ ನಡೆಯುವುದೂ ಒಂದು ಬಗೆಯ ಚರ್ಮ ಹದಮಾಡುವ ಕೆಲಸ. 1990ರ ದಶಕದ ಕೊನೆಗೆ ತಾಮ್ರದ ಸರದಿ. ಅಡಿಕೆಯಲ್ಲಿ ತಾಮ್ರದ ಅಂಶ ಹೆಚ್ಚು, ಕೊಲಾಜೆನ್ ಎಳೆಗಳನ್ನು ಒಂದಕ್ಕೊಂದು ಹೊಲಿಯುವ ಲೈಸಿಲ್ ಆಕ್ಸಿಡೇಸ್ ಎಂಬ ಕಿಣ್ವಕ್ಕೆ ಬೇಕಾದದ್ದೂ ತಾಮ್ರವೇ. ಅಂದರೆ ನಾರು ಹೆಚ್ಚು ಹುಟ್ಟುತ್ತದೆ, ಬಿಗಿಯಾಗಿ ಹೊಲಿದುಕೊಳ್ಳುತ್ತದೆ, ಸವೆಯಬೇಕಾದಾಗ ಸವೆಯುವುದಿಲ್ಲ.

ಇಷ್ಟಕ್ಕೆಲ್ಲ ಅಪ್ಪಣೆ ಕೊಡುವವರು ಯಾರು? ಉತ್ತರ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಿಂದ ಬಂತು. ಗಾಯ ಮಾಯಿಸುವಾಗ ದೇಹ ಹೊರಡಿಸುವ ಸಂದೇಶದ ಅಣು ಟಿಜಿಎಫ್-ಬೀಟಾ. ಅಮೆರಿಕದಲ್ಲಿ ಆ ಅಣುವನ್ನು ಬೆಳಕಿಗೆ ತಂದವರಲ್ಲಿ ಪ್ರಮುಖರಾದ ಸ್ಪೋರ್ನ್ ಮತ್ತು ರಾಬರ್ಟ್ಸ್ ಜೊತೆ 1980ರ ದಶಕದಲ್ಲಿ ಕೆಲಸ ಮಾಡಿದ್ದ ಪಿ. ಕೊಂಡಯ್ಯ ಮುಂದೆ ಬೆಂಗಳೂರಿನಲ್ಲಿ ಬಿಗಿದ ಬಾಯಿಗಳ ಅಂಗಾಂಶದತ್ತ ತಿರುಗಿದರು. 2011ರಲ್ಲಿ ಅವರ ತಂಡ, ರೋಗಿಗಳ ಅಂಗಾಂಶದಲ್ಲಿ ಟಿಜಿಎಫ್-ಬೀಟಾ ಏರಿರುವುದನ್ನೂ ಅದಕ್ಕೆ ಲಗಾಮಿನಂತಿರುವ ಬಿಎಂಪಿ-7 ಇಳಿದಿರುವುದನ್ನೂ ಕಂಡಿತು. 2012ರಲ್ಲಿ ಇನ್ನೊಂದು ಗಂಟು ಬಿಚ್ಚಿತು: ಅಡಿಕೆಯ ಸಾರ ತಾಗಿದ ಮೇಲ್ಪೊರೆಯ ಕೋಶಗಳೇ ಟಿಜಿಎಫ್-ಬೀಟಾ ಸಂದೇಶಕ್ಕೆ ಚಾಲನೆ ಕೊಡುತ್ತವೆ, ಕೆಳಗಿನ ಫೈಬ್ರೊಬ್ಲಾಸ್ಟ್‌ಗಳು ಅದನ್ನು ಪಾಲಿಸುತ್ತವೆ. ಬಾಯಿಯಲ್ಲಿ ಗಾಯ ಆರಿಹೋಗುವುದೇ ಇಲ್ಲ, ರಿಪೇರಿ ನಿಲ್ಲುವುದೂ ಇಲ್ಲ.

ಇದೇ ಹೊತ್ತಿಗೆ ಬ್ರಿಟನ್ನಿನವರು ಶ್ರೀಲಂಕಾದ ತಿಲಕರತ್ನೆ ಅವರೊಂದಿಗೆ ಸೇರಿ, ಅಡಿಕೆಯ ಮುಖ್ಯ ಕ್ಷಾರವಸ್ತು ಅರೆಕೋಲಿನ್ ಮೇಲ್ಪೊರೆಯ ಕೋಶಗಳಲ್ಲಿ ಆಲ್ಫಾವಿ-ಬೀಟಾ6 ಎಂಬ ಇಂಟೆಗ್ರಿನ್ ಹೆಚ್ಚಿಸುವುದನ್ನು 2011ರಲ್ಲಿ ವರದಿ ಮಾಡಿದರು. ಕಟ್ಟಿಹಾಕಿದ ಟಿಜಿಎಫ್-ಬೀಟಾವನ್ನು ಬಿಡುಗಡೆ ಮಾಡುವ ಕೀಲಿ ಅದು. 1999ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದ ಷೆಪರ್ಡ್ ಬಳಗ ಈ ಕೀಲಿಯನ್ನು ಮೊದಲು ತೋರಿಸಿದ್ದು ಇಲಿಗಳ ಶ್ವಾಸಕೋಶದಲ್ಲಿ. ಬಾಯಿಗೂ ಶ್ವಾಸಕೋಶಕ್ಕೂ ಬೀಗ ಒಂದೇ.

ಶ್ವಾಸಕೋಶದ ಮಾತು ಬಂದರೆ ನಮ್ಮ ಪಟ್ಟಣಗಳ ಧೂಳು ನೆನಪಾಗುತ್ತದೆ. ವಾಡಿ ಜಂಕ್ಷನ್ನಿನಿಂದ ಸಿಕಂದರಾಬಾದಿನತ್ತ ಹೊರಟ ರೈಲು ಚಿತ್ತಾಪುರ, ಮಳಖೇಡ, ಸೇಡಂ ದಾಟುವಾಗ ಕಿಟಕಿಯಾಚೆ ಸಿಮೆಂಟ್ ಚಿಮಣಿಗಳು, ಸುಣ್ಣದಕಲ್ಲಿನ ಗಣಿಗಳು. ಶಹಾಬಾದಿನ ಫರಸಿ ದೇಶವೆಲ್ಲ ನೆಲವಾಗಿ ಹಾಸಿದೆ. ಕಲ್ಲಿನ ಧೂಳಲ್ಲಿ ಶ್ವಾಸಕೋಶವನ್ನು ನಾರುಗಟ್ಟಿಸುವುದು ಸ್ಫಟಿಕ ಸಿಲಿಕಾ. ಶುದ್ಧ ಸುಣ್ಣದಕಲ್ಲಿನಲ್ಲಿ ಅದು ಕಡಿಮೆ, ಮರಳುಗಲ್ಲಿನಲ್ಲಿ ಹೆಚ್ಚು. ಈ ವಿದ್ಯೆಗೂ ಕರ್ನಾಟಕದ ಪಾಲಿದೆ. 1940ರ ದಶಕದ ಕೋಲಾರ ಚಿನ್ನದ ಗಣಿಗಳ ತಪಾಸಣೆಯಲ್ಲಿ ನೂರಕ್ಕೆ ನಲವತ್ತಕ್ಕೂ ಹೆಚ್ಚು ಕಾರ್ಮಿಕರಲ್ಲಿ ಸಿಲಿಕೋಸಿಸ್ ಎಂಬ ಈ ಧೂಳಿನ ರೋಗ ಕಂಡಿತ್ತು. ಅಲ್ಲಿ ಕೆಲಸ ಮಾಡಿದ ವೈದ್ಯ ಕ್ಯಾಪ್ಲನ್ 1953ರಲ್ಲಿ ವೇಲ್ಸ್‌ನ ಕಲ್ಲಿದ್ದಲು ಕಾರ್ಮಿಕರಲ್ಲಿ ಗುರುತಿಸಿದ ತೊಂದರೆಗೆ ಇಂದು ಅವನದೇ ಹೆಸರಿದೆ.

ಧೂಳಿನ ಭಯ ನಮ್ಮವರಿಗೆ ಗೊತ್ತು. ಕಲ್ಲು ಕೊರೆಯುವವನು ಮೂಗಿಗೆ ವಸ್ತ್ರ ಕಟ್ಟುತ್ತಾನೆ. ಅದೇ ವಸ್ತ್ರ ಸರಿಸಿ ಬಾಯಿಗೆ ಅಡಿಕೆಪುಡಿಯ ಪಾಕೀಟು ಸುರಿಯುತ್ತಾನೆ. ರಾತ್ರಿಪಾಳಿಯ ನಿದ್ದೆ, ಲಾರಿ ತುಂಬುವ ತನಕದ ಬೇಸರ, ಹಸಿವು, ಎಲ್ಲಕ್ಕೂ ಅದೇ ಮದ್ದು. ಅಡಿಕೆಯ ಸೀಮೆಯಲ್ಲ ಇದು. ಅಡಿಕೆ ಇಲ್ಲಿಗೆ ಒಣಗಿ, ಪುಡಿಯಾಗಿ, ಪಾಕೀಟಾಗಿ ಬರುತ್ತದೆ. "ನಮ್ಮಜ್ಜ ಎಲೆಅಡಿಕೆ ತಿಂದು ಎಂಬತ್ತು ವರ್ಷ ಬಾಳಿದ" ಎನ್ನುವವರಿಗೆ ಉತ್ತರ ಹೈದರಾಬಾದಿನಲ್ಲಿದೆ. ಅಲ್ಲಿನ ಪೋಷಣಾ ಸಂಸ್ಥೆಯ ತಜ್ಞರು 1996ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಎಲೆಅಡಿಕೆ ತಿನ್ನುವವರಿಗೆ ಈ ರೋಗ ಬರಲು ಸರಾಸರಿ ಎಂಟೂವರೆ ವರ್ಷ ಹಿಡಿದರೆ, ಪಾನ್ ಮಸಾಲಾ ತಿನ್ನುವವರಿಗೆ ಮೂರು ವರ್ಷವೂ ಬೇಕಾಗಿರಲಿಲ್ಲ. ತಂಬಾಕು ಸೇರದಿದ್ದರೂ ಅಡಿಕೆ ಕ್ಯಾನ್ಸರ್‌ಕಾರಕವೇ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಸಾರಿತು. ಕರ್ನಾಟಕ 2013ರಲ್ಲಿ ಗುಟ್ಕಾ ನಿಷೇಧಿಸಿತು. ಪಾನ್ ಅಂಗಡಿಯಲ್ಲಿ ಮಸಾಲೆ ಒಂದು ಪಾಕೀಟು, ತಂಬಾಕು ಇನ್ನೊಂದು ಪಾಕೀಟಾಗಿ ಅಕ್ಕಪಕ್ಕ ತೂಗಿದವು. ಅಂಗೈಯಲ್ಲಿ ಬೆರೆಸಿದರೆ ಮತ್ತೆ ಗುಟ್ಕಾ.

ಮದ್ದಿನ ಕಡೆಯ ದಾರಿ ಇನ್ನೂ ಕಿರಿದು. ಶ್ವಾಸಕೋಶದ ನಾರಿಗೆ ಪಿರ್ಫೆನಿಡೋನ್, ನಿಂಟೆಡಾನಿಬ್ ಬಂದಿವೆ. ಅವು ರೋಗದ ವೇಗ ತಗ್ಗಿಸುತ್ತವೆ, ಕಟ್ಟಿದ ನಾರನ್ನು ಬಿಚ್ಚುವುದಿಲ್ಲ. ಬಾಯಿಗೆ ಸ್ಟೀರಾಯ್ಡ್ ಚುಚ್ಚುಮದ್ದು, ತೀರಾ ಬಿಗಿದರೆ ಶಸ್ತ್ರಚಿಕಿತ್ಸೆ. ಇವುಗಳ ಜೊತೆಗೆ ಕಲಬುರಗಿಯ ದಂತ ಕಾಲೇಜಿಗೆ ಹೋದವನು ಕಲಿತು ಬರುವುದು ಐಸ್‌ಕ್ರೀಮ್ ಕಡ್ಡಿಗಳ ವ್ಯಾಯಾಮ. ಹಲ್ಲುಗಳ ನಡುವೆ ಕಡ್ಡಿಗಳ ಕಟ್ಟು ಇಟ್ಟುಕೊಂಡು, ದಿನ ಕಳೆದಂತೆ ಒಂದೊಂದೇ ಕಡ್ಡಿ ತೂರಿಸಿ ಬಾಯಿ ಅಗಲಿಸುವುದು. ಪಾಕೀಟು ಬಿಡದವನಿಗೆ ಆ ಕಡ್ಡಿಗಳೂ ಉಪಯೋಗಕ್ಕಿಲ್ಲ. ಮೇಲ್ಪೊರೆಗೆ ಅಡಿಕೆ ತಾಗುವ ತನಕ ಟಿಜಿಎಫ್-ಬೀಟಾದ ಅಪ್ಪಣೆ ಹೊರಡುತ್ತಲೇ ಇರುತ್ತದೆ.

ಎಪ್ಪತ್ತು ವರ್ಷದ ಈ ಹುಡುಕಾಟ ಕೊಟ್ಟ ಬಹುದೊಡ್ಡ ತಿಳಿವಳಿಕೆಯೂ ಅದೇ: ನಾರಿನ ಹೊಲಿಗೆ ಬಿಚ್ಚುವುದು ಕಷ್ಟ, ಹೊಲಿಯುವುದನ್ನು ನಿಲ್ಲಿಸುವುದು ಕೈಯಲ್ಲೇ ಇದೆ. ಖಾರ ಉರಿದ ದಿನವೇ ಬೆರಳು ಎಣಿಸಿದರೆ ಕಡ್ಡಿ ಎಣಿಸುವ ಪಾಳಿ ಬರುವುದಿಲ್ಲ.