ಹುಣಸೂರಿನ ಅರಸು ಮತ್ತು ಕಾಗದವಿಲ್ಲದ ಜನ

ಒಬ್ಬ ಶಾಸಕ ಎಷ್ಟು ಸಲ ಗೆದ್ದ ಎನ್ನುವುದು ಗೆದ್ದವರ ಲೆಕ್ಕ. ಗೆಲ್ಲಿಸಿದವರ ಪಾಲಿಗೆ ಏನು ಬಂತು ಎನ್ನುವುದು ನಮ್ಮ ಲೆಕ್ಕ. ಡಿ. ದೇವರಾಜ ಅರಸು ಅವರ ವಿಷಯದಲ್ಲಿ ಈ ಎರಡನೆಯ ಲೆಕ್ಕವನ್ನು ನಾವಿನ್ನೂ ಸರಿಯಾಗಿ ಹಾಕಿಲ್ಲ. ಆಗಸ್ಟ್ 20 ಬಂತೆಂದರೆ ಅವರ ಪಟಕ್ಕೆ ಹಾರ ಬೀಳುತ್ತದೆ, ಭಾಷಣ ಆಗುತ್ತದೆ, ಮುಗಿಯುತ್ತದೆ.

ಹಂಪಾಪುರ ಹೆಗ್ಗಡದೇವನಕೋಟೆ ತಾಲ್ಲೂಕಿನ ಹೋಬಳಿ. ಅರಸು ನಿಲ್ಲುತ್ತಿದ್ದುದು ಪಕ್ಕದ ಹುಣಸೂರಿನಲ್ಲಿ. ಆದರೂ ಈ ಕಡೆಯ ಕೇರಿಗಳಲ್ಲಿ ಮುದುಕರು ‘ಅರಸು ಕಾಲ್ದಲ್ಲಿ’ ಎಂದೇ ಮಾತು ತೆಗೀತಾರೆ. ಆ ಕಾಲ ಮುಗಿದು ಎಷ್ಟೋ ವರ್ಷಕ್ಕೆ ಹುಟ್ಟಿದ, ಮನೆಯಲ್ಲಿ ಮೊದಲ ಸಲ ಡಿಗ್ರಿ ಕಂಡ ನಾವು ಆ ಮಾತನ್ನು ಪೂಜೆಗಲ್ಲ, ಪರೀಕ್ಷೆಗೆ ಒಡ್ಡಬೇಕಾಗಿದೆ.

ಅರಸು ಹುಟ್ಟಿದ್ದು 1915ರಲ್ಲಿ. ಬೆಂಗಳೂರಿನಲ್ಲಿ ಬಿ.ಎಸ್ಸಿ. ಓದಿ, ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಗೆ ಬಂದು ಬೇಸಾಯ ಹಿಡಿದರು. 1941ರಲ್ಲಿ ಮೈಸೂರು ಸಂಸ್ಥಾನದ ಪ್ರಜಾಪ್ರತಿನಿಧಿ ಸಭೆ ಸೇರಿದರು. 1952ರ ಮೊದಲ ಚುನಾವಣೆಯಲ್ಲಿ ಹುಣಸೂರಿನಿಂದ ಶಾಸಕರಾದರು. ಆಮೇಲೆ ಹುಣಸೂರು ಅವರನ್ನು ಮತ್ತೆ ಮತ್ತೆ ಆರಿಸಿತು. ನಡುವೆ ಮಂತ್ರಿಯೂ ಆದರು. ಅಂದರೆ ಮುಖ್ಯಮಂತ್ರಿಯಾಗುವುದಕ್ಕೆ ಮುಂಚೆ ಇಪ್ಪತ್ತು ವರ್ಷದ ಶಾಸಕಗಿರಿ ಅವರದು.

ಆ ಇಪ್ಪತ್ತು ವರ್ಷ ನಮ್ಮ ಕೇರಿಗೆ ಏನು ತಂದಿತು? 1961ರಲ್ಲಿ ಭೂಸುಧಾರಣಾ ಕಾನೂನು ಪಾಸಾಯಿತು. ಜಾರಿಗೆ ಬಂದದ್ದು 1965ಕ್ಕೆ. ಸ್ವಂತ ಬೇಸಾಯ ಮಾಡುತ್ತೇನೆಂದು ಹೇಳಿ ಗೇಣಿದಾರನಿಂದ ನೆಲ ಬಿಡಿಸಿಕೊಳ್ಳಲು ಒಡೆಯನಿಗೆ ಅದರಲ್ಲೇ ದಾರಿ ಇತ್ತು. ಒಕ್ಕಲನ್ನು ಎಬ್ಬಿಸಲು, ಪಹಣಿ ತಿದ್ದಿಸಲು ಬೇಕಾದಷ್ಟು ಸಮಯವೂ ಸಿಕ್ಕಿತು. ಆಗ ಆಳುತ್ತಿದ್ದ ಕಾಂಗ್ರೆಸ್ಸಿನಲ್ಲೇ ಅರಸು ಇದ್ದರು. ಒಳ್ಳೆಯ ಮನುಷ್ಯ ಒಬ್ಬ ವಿಧಾನಸೌಧದಲ್ಲಿ ಕೂತ ಮಾತ್ರಕ್ಕೆ ಉಳುವವನಿಗೆ ನೆಲ ಬರುವುದಿಲ್ಲ ಎಂಬುದಕ್ಕೆ ಈ ಇಪ್ಪತ್ತು ವರ್ಷವೇ ಸಾಕ್ಷಿ.

ಬದಲಾದದ್ದು 1969ರಲ್ಲಿ. ಕಾಂಗ್ರೆಸ್ಸು ಒಡೆಯಿತು. ನಿಜಲಿಂಗಪ್ಪನವರ ಹಿಂದೆ ದೊಡ್ಡ ಜಾತಿಗಳ ಹಳೇ ಯಜಮಾನರು ಹೋದರು. ಇಂದಿರಾಗಾಂಧಿಯ ಕಡೆ ನಿಂತ ಅರಸು ಪಕ್ಷ ಕಟ್ಟಬೇಕಾಯಿತು. ಅವರ ಅರಸು ಜಾತಿ ರಾಜಮನೆತನಕ್ಕೆ ಹತ್ತಿರದ್ದೇ, ಆದರೆ ತಲೆ ಎಣಿಸಿದರೆ ಬೆರಳೆಣಿಕೆ. ಅಲ್ಲಿಯವರೆಗೆ ರಾಜ್ಯ ಆಳಿದ ಮುಖ್ಯಮಂತ್ರಿಗಳೆಲ್ಲ ಒಕ್ಕಲಿಗರು ಇಲ್ಲವೇ ಲಿಂಗಾಯತರು. ಅವರ ಬಲವಿಲ್ಲದೆ ಗೆಲ್ಲಬೇಕಾದರೆ ಚದುರಿದ ಹಿಂದುಳಿದ ಜಾತಿಗಳು, ಮುಸ್ಲಿಮರು, ಹೊಲೆಯ ಮಾದಿಗರು ಒಂದು ಕಡೆ ಸೇರಬೇಕಿತ್ತು. 1972ರಲ್ಲಿ 216 ಸ್ಥಾನಗಳಲ್ಲಿ 165 ಬಂದವು. ಆ ಚುನಾವಣೆಗೆ ತಾವೇ ನಿಲ್ಲದಿದ್ದ ಅರಸು ಮಾರ್ಚಿಯಲ್ಲಿ ಮುಖ್ಯಮಂತ್ರಿಯಾದರು, ಆಮೇಲೆ ಉಪಚುನಾವಣೆಯಲ್ಲಿ ಹುಣಸೂರಿನಿಂದಲೇ ಆರಿಸಿ ಬಂದರು. ಅವರಿಗೆ ನಮ್ಮ ಓಟು ಬೇಕಾಯಿತು, ನಮಗೆ ಅವರ ಕಾನೂನು ಬೇಕಾಯಿತು. ಇದನ್ನು ಕರುಣೆ ಎಂದು ಕರೆಯುವ ಅಗತ್ಯ ಇಲ್ಲ.

ಕಾನೂನು ಬಂತು ಎನ್ನುವುದು ಮಾತ್ರ ನಿಜ. 1974ರ ಮಾರ್ಚಿ 1ರಿಂದ ಗೇಣಿ ಜಮೀನೆಲ್ಲ ಸರ್ಕಾರಕ್ಕೆ ಸೇರಿತು. ಉಳುವವನು ನಮೂನೆ 7ರಲ್ಲಿ ಅರ್ಜಿ ಹಾಕಬೇಕು. ಭೂ ನ್ಯಾಯಮಂಡಳಿಯಲ್ಲಿ ಅಸಿಸ್ಟೆಂಟ್ ಕಮಿಷನರ್ ಜೊತೆ ನಾಲ್ಕು ಜನ ನಾಮಕರಣ ಸದಸ್ಯರು, ಅದರಲ್ಲಿ ಒಬ್ಬ ಪರಿಶಿಷ್ಟ ಜಾತಿ ಅಥವಾ ಪಂಗಡದವನು. ಒಡೆಯನ ಪರವಾಗಿ ಕರೀ ಕೋಟಿನ ವಕೀಲ ಬಂದು ನಿಲ್ಲುವ ಹಾಗಿರಲಿಲ್ಲ. ಎಂಟು ಲಕ್ಷಕ್ಕೂ ಮಿಕ್ಕಿ ಅರ್ಜಿ ಬಿದ್ದವು. ಗೇಣಿ ಪದ್ಧತಿ ದಟ್ಟವಾಗಿದ್ದ ಕರಾವಳಿ, ಮಲೆನಾಡಿನಲ್ಲಿ ಒಕ್ಕಲು ನೆಲದೊಡೆಯನಾದ.

ನಮ್ಮ ಕಡೆ? ಗೆಳೆಯರೆ, ಇಲ್ಲಿ ನಿಲ್ಲಬೇಕು. ನಮೂನೆ 7 ಕೇಳಿದ್ದು ‘ನೀನು ಗೇಣಿದಾರನೇ?’ ಎಂದು. ನಮ್ಮ ಅಜ್ಜಂದಿರು ಗೇಣಿದಾರರಾಗಿರಲಿಲ್ಲ. ಕೂಲಿಯವರು, ಜೀತದವರು, ವರ್ಷಕ್ಕೊಂದು ಕಂಬಳಿ, ಒಂದಷ್ಟು ರಾಗಿಗೆ ದುಡಿದವರು. ಗೌಡರ ಹೊಲವನ್ನು ಮೂರು ತಲೆಮಾರು ಉತ್ತರೂ ಅವರ ಹೆಸರಲ್ಲಿ ಒಂದು ಚೀಟಿ ಇರಲಿಲ್ಲ. ‘ಉಳುವವನೇ ಹೊಲದೊಡೆಯ’ ಎಂದಾಗ ಉಳುವವನು ಅಂದರೆ ಕಾಗದ ಇದ್ದವನು ಎಂದಾಯಿತು. ಮಿತಿಗಿಂತ ಹೆಚ್ಚಿನ ಜಮೀನಿನಲ್ಲಿ ಅರ್ಧ ಪರಿಶಿಷ್ಟರಿಗೆ ಎಂದು ಕಾನೂನು ಹೇಳಿತು. ಆದರೆ ಹೆಚ್ಚುವರಿ ಜಮೀನು ಮಕ್ಕಳು, ನಂಟರ ಹೆಸರಿಗೆ ಹಂಚಿಹೋಗಿ ಸರ್ಕಾರದ ಕೈಗೆ ಸಿಕ್ಕಿದ್ದೇ ಕಡಿಮೆ.

ಅದೇ 1974ರಲ್ಲಿ ನಮ್ಮ ಕೋಟೆ ತಾಲ್ಲೂಕಿನಲ್ಲಿ ಕಬಿನಿ ಕಟ್ಟೆ ಮುಗಿಯಿತು. ಊರುಗಳು ಮುಳುಗಿದವು. ಪರಿಹಾರ ಕೊಡುವುದೂ ಪಹಣಿ ನೋಡಿಯೇ. ನಾಗರಹೊಳೆಯ ಕಾಡಿನಿಂದ ಹೊರಗೆ ಬಿದ್ದ ಜೇನುಕುರುಬರಿಗೂ ಕಾಗದ ಇರಲಿಲ್ಲ. ಆ ಕಾಡಿನ ಅಂಚು ಅರಸು ಅವರ ಹುಣಸೂರು ತಾಲ್ಲೂಕಿನಲ್ಲೇ ಇತ್ತು. ಕಾಡಿನ ಜನರ ಹಕ್ಕನ್ನು ಕಾನೂನು ಒಪ್ಪಲು 2006ರವರೆಗೆ ಕಾಯಬೇಕಾಯಿತು.

1973ರ ನವೆಂಬರಿನಲ್ಲಿ ಮೈಸೂರಿನಲ್ಲಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬೂಸಾ ಇದೆ ಎಂದರು. ತಲೆ ಮೇಲೆ ಮಲ ಹೊರುವುದನ್ನು ನಿಲ್ಲಿಸಿದ ಮಂತ್ರಿ ಅವರು. ಊರೂರಲ್ಲಿ ಗಲಾಟೆ ಎದ್ದಿತು, ದಲಿತ ಹುಡುಗರ ಮೇಲೆ ಏಟು ಬಿತ್ತು. ಬಸವಲಿಂಗಪ್ಪ ಮಂತ್ರಿಗಿರಿ ಬಿಡಬೇಕಾಯಿತು. ದಲಿತರ ಓಟಿನಿಂದ ನಿಂತ ಸರ್ಕಾರ ದಲಿತ ಮಂತ್ರಿಯ ಬಾಯಿಯ ಜೊತೆ ನಿಲ್ಲಲಿಲ್ಲ. ಆ ಏಟಿನ ಬೆನ್ನಿಗೇ ದಲಿತ ಸಂಘರ್ಷ ಸಮಿತಿ ಹುಟ್ಟಿತು, 1979ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಬಂತು. ತುರ್ತುಪರಿಸ್ಥಿತಿಯಲ್ಲಿ ಈ ರಾಜ್ಯದ ಜೈಲುಗಳು ತುಂಬಿದಾಗಲೂ ಮುಖ್ಯಮಂತ್ರಿ ಅರಸುವೇ. ಇದನ್ನೆಲ್ಲ ಬಿಟ್ಟು ಬರೆದರೆ ಅದು ಚರಿತ್ರೆಯಲ್ಲ, ಹಾರ.

ಹಾಗೆಂದು ಬಂದದ್ದನ್ನು ಇಲ್ಲ ಎನ್ನುವುದೂ ಸುಳ್ಳೇ. 1972ರಲ್ಲಿ ನೇಮಕವಾದ ಎಲ್.ಜಿ. ಹಾವನೂರು ಆಯೋಗ 1975ರಲ್ಲಿ ವರದಿ ಕೊಟ್ಟು, ಹಿಂದುಳಿದವರಿಗೆ ಮೀಸಲಾತಿಯ ಬಾಗಿಲು ತೆಗೆಯಿತು. 1976ರ ಋಣ ಪರಿಹಾರ ಕಾನೂನು ಬಡವರ ಸಾಲಕ್ಕೆ ಕತ್ತರಿ ಹಾಕಿತು. ಹಾಸ್ಟೆಲುಗಳು ಹೆಚ್ಚಿದವು. ನಮ್ಮಂಥವರ ಡಿಗ್ರಿಯ ಹಿಂದೆ ಅಂಥ ಹಾಸ್ಟೆಲಿನ ಮುದ್ದೆ ಇದೆ. 1978ರ ಪಿ.ಟಿ.ಸಿ.ಎಲ್. ಕಾಯ್ದೆ, ದಲಿತರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಸಾಲಕ್ಕೂ ಹೆಂಡಕ್ಕೂ ಬರೆಸಿಕೊಂಡವರಿಂದ ಬಿಡಿಸಿಕೊಡಲು ಬಂತು. ಅರಸು ಕಾನೂನುಗಳಲ್ಲಿ ಕೇರಿಗೆ ನೇರವಾಗಿ ಕಾಗದ ಕೊಟ್ಟದ್ದು ಅದು.

1979ರಲ್ಲಿ ಇಂದಿರಾಗಾಂಧಿಯಿಂದ ಬೇರೆಯಾದ ಅರಸು 1980ರ ಜನವರಿಯಲ್ಲಿ ಲೋಕಸಭಾ ಚುನಾವಣೆ ಸೋತರು. 28ರಲ್ಲಿ 27 ಸ್ಥಾನ ಇಂದಿರಾ ಕಾಂಗ್ರೆಸ್ಸಿಗೆ. ಅಧಿಕಾರ ಬಿಟ್ಟರು, 1982ರ ಜೂನ್ 6ರಂದು ತೀರಿಕೊಂಡರು. ಯಾರಿಗೆ ಭೂಮಿ ಸಿಕ್ಕಿತೋ ಅವರೂ ಅವರ ಪಕ್ಷದ ಹಿಂದೆ ನಿಲ್ಲಲಿಲ್ಲ. ಮೇಲಿನಿಂದ ಕೊಟ್ಟದ್ದಕ್ಕೆ ಕೆಳಗೆ ಸಂಘಟನೆ ಇರಲಿಲ್ಲ.

ಇದು ಹಳೇ ಕತೆಯಲ್ಲ. 2020ರ ತಿದ್ದುಪಡಿ ಬೇಸಾಯಗಾರನಲ್ಲದವನಿಗೂ ಹೊಲ ಕೊಳ್ಳುವ ಬಾಗಿಲು ತೆರೆಯಿತು. ಪಿ.ಟಿ.ಸಿ.ಎಲ್. ಅರ್ಜಿ ತಡವಾಯಿತೆಂದು ನ್ಯಾಯಾಲಯಗಳು ತಳ್ಳಿಹಾಕಿದವು. ದಲಿತರು ಬೀದಿಗಿಳಿದ ಮೇಲೆ, ಇಂಥ ಅರ್ಜಿಗೆ ಕಾಲಮಿತಿ ಇಲ್ಲ ಎಂಬ ತಿದ್ದುಪಡಿ 2023ರಲ್ಲಿ ಬಂತು. ಮೊದಲನೆಯದು ಬಂದಾಗ ನಮ್ಮ ಬಲ ಸಾಲಲಿಲ್ಲ, ಎರಡನೆಯದನ್ನು ನಾವೇ ತಂದೆವು.

ಹಳ್ಳಿ ಮೇಷ್ಟ್ರುಗಳಲ್ಲಿ, ಓದುವ ಹುಡುಗ ಹುಡುಗಿಯರಲ್ಲಿ ನಮ್ಮದೊಂದು ಕೋರಿಕೆ. ಮುಂದಿನ ಆಗಸ್ಟ್ 20ಕ್ಕೆ ಹಾರದ ದುಡ್ಡು ಉಳಿಸಿ. ಕೇರಿಯಲ್ಲಿ, ಹಾಡಿಯಲ್ಲಿ ಮನೆಮನೆಗೆ ಹೋಗಿ, ಟ್ರಂಕು ತೆಗೆಸಿ, ಸಾಗುವಳಿ ಚೀಟಿ ಇದೆಯಾ, ಆ ಜಮೀನು ಈಗ ಯಾರ ಕೈಯಲ್ಲಿದೆ ಎಂದು ಕೇಳಿ ಬರೆದುಕೊಳ್ಳಿ. ಬರೆದದ್ದನ್ನು ಹಿಡಿದು ಅಸಿಸ್ಟೆಂಟ್ ಕಮಿಷನರ್ ಆಫೀಸಿಗೆ ಒಟ್ಟಿಗೆ ಹೋಗೋಣ.