ಬೈಟ್ ಆಫ್‌ಸೆಟ್‌ನಿಂದ ದಾಖಲೆ ಹೆಕ್ಕುವಾಗ ಎಣಿಕೆ ತಪ್ಪುವ ಸಂದರ್ಭಗಳು: ಒಂದು ಟಿಪ್ಪಣಿ

1. ವ್ಯಾಪ್ತಿ

ದೊಡ್ಡ ಕಡತದಿಂದ ಕೆಲವೇ ದಾಖಲೆಗಳು ಬೇಕಿದ್ದಾಗ, ಪ್ರತಿ ದಾಖಲೆ ಎಷ್ಟನೆಯ ಬೈಟ್‌ನಲ್ಲಿ ಶುರುವಾಗುತ್ತದೆ ಎಂಬುದನ್ನು ಸೂಚಿಯಲ್ಲಿ ಬರೆದಿಟ್ಟುಕೊಂಡು ನೇರವಾಗಿ ಅಲ್ಲಿಗೆ ಹೋಗುವುದು ರೂಢಿಯ ಕ್ರಮ. ಕನ್ನಡ ಪಠ್ಯಕ್ಕೆ ಇದನ್ನು ಅನ್ವಯಿಸುವಾಗ ಎಣಿಕೆ ಎಲ್ಲಿ ತಪ್ಪಬಹುದು ಎಂಬುದಷ್ಟೇ ಇಲ್ಲಿನ ವಿಷಯ. ವೇಗದ ಹೋಲಿಕೆ ಮಾಡಿಲ್ಲ.

2. ಬೈಟ್ ಮತ್ತು ಅಕ್ಷರ

ಯೂನಿಕೋಡ್‌ನ ಕನ್ನಡ ವಿಭಾಗದ ಪ್ರತಿ ಸಂಕೇತಬಿಂದುವಿಗೂ ಯುಟಿಎಫ್-8ರಲ್ಲಿ 3 ಬೈಟ್ ಬೇಕು. ‘ಕನ್ನಡ’ ಎಂಬಲ್ಲಿ ಕಣ್ಣಿಗೆ ಕಾಣುವ ಅಕ್ಷರ 3, ಹಲಂತ ಚಿಹ್ನೆಯೂ ಸೇರಿ ಸಂಕೇತಬಿಂದು 5, ಬೈಟ್ 15. ಪದಗಳ ನಡುವಿನ ತೆರಪು, ಪೂರ್ಣವಿರಾಮ, ರೂಢಿಯ ಅಂಕಿಗಳಿಗೆ 1 ಬೈಟ್ ಸಾಕು. ಆದ್ದರಿಂದ ಅಕ್ಷರಗಳನ್ನು ಎಣಿಸಿ ಗುಣಿಸಿದರೆ ಆಫ್‌ಸೆಟ್ ಸಿಗದು.

ಗ್ನೂ ಆಕ್‌ನ ‘ಲೆಂಗ್ತ್’ ಯುಟಿಎಫ್-8 ಲೊಕೇಲ್‌ನಲ್ಲಿ ಸಂಕೇತಬಿಂದುಗಳನ್ನು, ‘ಸಿ’ ಲೊಕೇಲ್‌ನಲ್ಲಿ ಬೈಟ್‌ಗಳನ್ನು ಎಣಿಸುತ್ತದೆ. ಹೀಗಾಗಿ ಒಂದೇ ಸ್ಕ್ರಿಪ್ಟ್ ಎರಡು ಯಂತ್ರಗಳಲ್ಲಿ ಎರಡು ಸೂಚಿಗಳನ್ನು ಕೊಡಬಹುದು. ಪೈಥಾನ್ 3ರಲ್ಲಿ ಪಠ್ಯ ಕ್ರಮದಲ್ಲಿ ತೆರೆದ ಕಡತದ ‘ಟೆಲ್’ ಬೆಲೆಯನ್ನು ಬೈಟ್ ಸಂಖ್ಯೆ ಎಂದು ನಂಬಲಾಗದು. ಬೈನರಿ ಕ್ರಮವೇ ಆಗಬೇಕು.

ತಪ್ಪು ಜಾಗಕ್ಕೆ ಹೋದದ್ದು ತಾನಾಗಿಯೇ ಗೊತ್ತಾಗುತ್ತದೆ ಎಂಬ ಭರವಸೆ ಅರ್ಧ ಮಾತ್ರ ಸರಿ. ಮೊದಲ ಬೈಟ್ 128ರಿಂದ 191ರ ಒಳಗಿದ್ದರೆ ನಾವು ಸಂಕೇತಬಿಂದುವಿನ ನಡುವೆ ಇಳಿದಿದ್ದೇವೆ ಎಂಬುದು ಖಚಿತ. ಆದರೆ ಎಡೆಬಿಡದ ಕನ್ನಡ ಅಕ್ಷರಗಳ ನಡುವೆ ತಪ್ಪು 3ರ ಗುಣಕವಾಗಿದ್ದರೆ ಯಾವ ದೋಷಸೂಚನೆಯೂ ಬರುವುದಿಲ್ಲ. ಯುಟಿಎಫ್-8 ಸಿಂಧುವಾಗಿದೆ ಎಂಬುದರಿಂದ ಸ್ಥಾನ ಸರಿಯಿದೆ ಎಂದಾಗದು. ದಾಖಲೆಯ ಗುರುತುಸಂಖ್ಯೆಯನ್ನೇ ತಾಳೆ ನೋಡಬೇಕು.

3. ಸೊನ್ನೆಯಿಂದಲೋ, ಒಂದರಿಂದಲೋ

‘ಗ್ರೆಪ್’ ತನ್ನ ‘ಬಿ’ ಆಯ್ಕೆಯಲ್ಲಿ 0ಯಿಂದ ಎಣಿಸುತ್ತದೆ. ‘ಟೇಲ್’ನ ‘ಸಿ’ ಆಯ್ಕೆಗೆ ಕೂಡುಚಿಹ್ನೆ ಸಹಿತ ಸಂಖ್ಯೆ ಕೊಟ್ಟರೆ ಅದು 1ರಿಂದ. ಗ್ರೆಪ್ ಹೇಳಿದ 4096, ಟೇಲ್‌ಗೆ 4097.

4. ನಿದರ್ಶನ: ವಿಕಿಪೀಡಿಯದ ಮಲ್ಟಿಸ್ಟ್ರೀಮ್ ಡಂಪ್

ಇದರ ಸೂಚಿಯಲ್ಲಿ ಸಾಲಿಗೆ ಮೂರು ಅಂಶ: ಆಫ್‌ಸೆಟ್, ಪುಟಸಂಖ್ಯೆ, ಶೀರ್ಷಿಕೆ. ನಡುವೆ ವಿವರಣಾತ್ಮಕ ಚಿಹ್ನೆ (:). ‘ವಿಕಿಪೀಡಿಯ:’ ಎಂದು ಆರಂಭವಾಗುವ ಶೀರ್ಷಿಕೆಗಳಲ್ಲೂ ಅದೇ ಚಿಹ್ನೆ ಬರುವುದರಿಂದ ಸಾಲನ್ನು ಮೊದಲ ಎರಡು ಕಡೆ ಮಾತ್ರ ಒಡೆಯಬೇಕು.

ಇಲ್ಲಿನ ಆಫ್‌ಸೆಟ್ ಪುಟದ್ದಲ್ಲ. ಸಂಕುಚಿತ ಕಡತದೊಳಗಿನ ಒಂದು ಬಿಝಿಪ್2 ಧಾರೆ ಎಲ್ಲಿ ಶುರುವಾಗುತ್ತದೆ ಎಂಬುದನ್ನು ಅದು ಹೇಳುತ್ತದೆ. ಒಂದು ಧಾರೆಯಲ್ಲಿ 100 ಪುಟಗಳವರೆಗೆ ಇರುವುದರಿಂದ ಅಷ್ಟು ಸಾಲುಗಳಲ್ಲಿ ಒಂದೇ ಸಂಖ್ಯೆ ಮರುಕಳಿಸುತ್ತದೆ. ಧಾರೆಯ ಉದ್ದ ಸೂಚಿಯಲ್ಲಿಲ್ಲ. ಮುಂದಿನ ಭಿನ್ನ ಆಫ್‌ಸೆಟ್‌ನಿಂದ ಕಳೆದು ಪಡೆಯಬೇಕು. ಧಾರೆಯ ಮೊದಲ ಮೂರು ಬೈಟ್ 66, 90, 104 ಆಗಿರುವುದು ಒಳ್ಳೆಯ ಪರೀಕ್ಷೆ, ಆದರೆ ಬೇಕಾದ ಪುಟ ಅದೇ ಧಾರೆಯಲ್ಲಿದೆ ಎಂಬುದಕ್ಕೆ ಅದು ಸಾಕ್ಷಿಯಲ್ಲ.

ಡಂಪ್ ಮತ್ತು ಸೂಚಿ ಎರಡೂ ಒಂದೇ ದಿನಾಂಕದವಾಗಿರಬೇಕು. ಕಡತದ ಹೆಸರಿನಲ್ಲಿ ದಿನಾಂಕ 8 ಅಂಕಿಗಳಲ್ಲಿ ಇರುತ್ತದೆ. ‘ಲೇಟೆಸ್ಟ್’ ಎಂಬ ಹೆಸರಿನಲ್ಲಿ ಇಳಿಸಿಕೊಂಡ ಪ್ರತಿಯಲ್ಲಿ ಆ ಗುರುತು ಇರುವುದಿಲ್ಲ. ಆದ್ದರಿಂದ ದಿನಾಂಕವಿರುವ ಪ್ರತಿಗಳನ್ನೇ ಇಳಿಸಿಕೊಂಡು, ಆ ದಿನಾಂಕವನ್ನು ಹೆಕ್ಕಿದ ಪ್ರತಿ ದಾಖಲೆಯ ಜೊತೆಗೂ ನಮೂದಿಸುವುದು ಉಚಿತವೆನಿಸುತ್ತದೆ.